ಮದ್ದು, ಗುಂಡು ಮತ್ತು ಮಕ್ಕಳ ತಟ್ಟೆ



ನವೆಂಬರ್ ಬಂತೆಂದರೆ ಮಿನೆಸೋಟಾದ ಕನ್ನಡಿಗರಿಗೆ ಎರಡು ಸಂಭ್ರಮಗಳು ಜೊತೆಯಾಗಿ ಬರುತ್ತವೆ. ಒಂದು ನಮ್ಮ ರಾಜ್ಯೋತ್ಸವ. ಇನ್ನೊಂದು ಈ ನೆಲದವರ ಜಿಂಕೆ ಬೇಟೆಯ ಋತು. ತಿಂಗಳ ಮೊದಲ ವಾರಾಂತ್ಯದ ಸುಮಾರಿಗೆ ಕಿತ್ತಳೆ ಬಣ್ಣದ ಅಂಗಿ ತೊಟ್ಟವರ ಪಿಕಪ್ ಟ್ರಕ್ಕುಗಳು ಉತ್ತರದ ಹೆದ್ದಾರಿಗಳಲ್ಲಿ ಸಾಲುಗಟ್ಟುತ್ತವೆ. ನಮ್ಮ ಸಂಘದಲ್ಲಿ ಬೇಟೆಗೆ ಹೋಗುವವರು ಬೆರಳೆಣಿಕೆಯಷ್ಟು ಮಂದಿ. ಬೇಟೆಯ ಮಾಂಸವನ್ನು ಉಣ್ಣುವವರು ಅಷ್ಟು ಕಡಿಮೆಯಿಲ್ಲ. ನೆರೆಮನೆಯವರು ಪ್ರೀತಿಯಿಂದ ಕೊಟ್ಟ ಪೊಟ್ಟಣ, ಸಹೋದ್ಯೋಗಿ ತಂದುಕೊಟ್ಟ ಸಾಸೇಜು, ಸಂಘದ ಕೂಟಕ್ಕೆ ಬಂದ ಜಿಂಕೆ ಮಾಂಸದ ಖೀಮಾ. ಕಳೆದ ವರ್ಷದ ರಾಜ್ಯೋತ್ಸವದ ಊಟದಲ್ಲಿ ಎಲ್ಲಕ್ಕಿಂತ ಮೊದಲು ಬರಿದಾದ ಪಾತ್ರೆ ಆ ಖೀಮಾದ್ದೇ. ಅದನ್ನು ತಂದವನು ನಾನು. ಈ ಲೇಖನ ಬರೆಯಲು ಅದೇ ಕಾರಣ.

ನಾನು ಬೇಟೆಯ ಮನೆತನದವನಲ್ಲ. ಮಲೆನಾಡಿನ ನಮ್ಮ ಮನೆಯಲ್ಲಿ ತೋಟ ಕಾಯಲೆಂದು ಒಂದು ಹಳೆಯ ಕೋವಿ ಇತ್ತು. ಅದು ಮಂಗಗಳನ್ನು ಹೆದರಿಸಿದ್ದನ್ನು ಬಿಟ್ಟರೆ ಬೇರೇನೂ ಮಾಡಿದ್ದನ್ನು ನಾನು ಕಂಡಿಲ್ಲ. ಇಲ್ಲಿಗೆ ಬಂದ ಮೇಲೆ ಕೊಡಗಿನ ಗೆಳೆಯನೊಬ್ಬನ ಸಹವಾಸದಿಂದ ಕಾಡಿಗೆ ಹೋಗುವುದು ರೂಢಿಯಾಯಿತು. ಒಂದು ದಿನ ಹಳೆಯ ಬಂದೂಕುಗಳನ್ನು ಮಾರುವ ಅಂಗಡಿಯಲ್ಲಿ ಅವನು ನನ್ನ ತೋಳು ಹಿಡಿದು ನಿಲ್ಲಿಸಿ ಒಂದು ರೈಫಲ್ಲಿನ ಮೇಲಿದ್ದ ‘ಆರ್.ಎಫ್.ಐ.’ ಎಂಬ ಮೂರಕ್ಷರಗಳನ್ನು ತೋರಿಸಿದ. ಇಷಾಪುರದ ರೈಫಲ್ ಫ್ಯಾಕ್ಟರಿ! ಬಂಗಾಳದಲ್ಲಿ ಹುಟ್ಟಿದ ಪಾಯಿಂಟ್ 303 ಲೀ-ಎನ್‌ಫೀಲ್ಡ್ ರೈಫಲ್. ಬಾಲ್ಯದಲ್ಲಿ ಜಾತ್ರೆಯ ಬಂದೋಬಸ್ತಿಗೆ ಬರುತ್ತಿದ್ದ ಪೊಲೀಸರ ಹೆಗಲ ಮೇಲೆ ನಾವು ಕಂಡಿದ್ದ ಅದೇ ‘ತ್ರೀ ನಾಟ್ ತ್ರೀ’. ಸೇವೆಯಿಂದ ನಿವೃತ್ತಿಯಾಗಿ ಸಮುದ್ರ ದಾಟಿ ನಮ್ಮಂತೆಯೇ ಇಲ್ಲಿಗೆ ವಲಸೆ ಬಂದಿತ್ತು. ಬಿಟ್ಟುಬರಲು ಮನಸ್ಸಾಗಲಿಲ್ಲ.

ಸೇನೆಗಳು ಮಾರಿದ ಇಂಥ ಹಳೆಯ ರೈಫಲ್‌ಗಳನ್ನು ಇಟ್ಟುಕೊಂಡವರು ಬೇಗನೆ ಒಂದು ತೊಡಕಿಗೆ ಸಿಲುಕುತ್ತಾರೆ. ಅವುಗಳಿಗೆ ಹೊಂದುವ ಬೇಟೆಯ ತೋಟಾಗಳು ಎಲ್ಲ ಅಂಗಡಿಗಳಲ್ಲಿ ಸಿಗುವುದಿಲ್ಲ. ಸಿಕ್ಕರೂ ಬೆಲೆ ಹೆಚ್ಚು, ಆಯ್ಕೆ ಕಡಿಮೆ. ಆದುದರಿಂದ ಅನೇಕರು ತೋಟಾಗಳನ್ನು ಮನೆಯಲ್ಲಿಯೇ ತುಂಬಿಕೊಳ್ಳುತ್ತಾರೆ. ಇದನ್ನು ಹ್ಯಾಂಡ್‌ಲೋಡಿಂಗ್ ಎನ್ನುತ್ತಾರೆ. ಒಮ್ಮೆ ಹಾರಿಸಿದ ಹಿತ್ತಾಳೆಯ ಕೋಶವನ್ನು ಶುಚಿಗೊಳಿಸಿ, ಅಳತೆಗೆ ತಂದು, ಹೊಸ ಪ್ರೈಮರ್ ಕೂರಿಸಿ, ತೂಗಿದ ಮದ್ದನ್ನು ಸುರಿದು, ಬಾಯಿಗೆ ಗುಂಡನ್ನು ಒತ್ತಿದರೆ ತೋಟಾ ಸಿದ್ಧ. ಇಲ್ಲಿ ಇದು ಕಾನೂನುಬದ್ಧ ಹವ್ಯಾಸ. ಯಾವ ಗುಂಡು, ಯಾವ ಮದ್ದು ಎಂಬ ಚರ್ಚೆ ಈ ಹವ್ಯಾಸಿಗಳಲ್ಲಿ ಮುಗಿಯುವುದೇ ಇಲ್ಲ. ಆ ಚರ್ಚೆಯೆಲ್ಲ ನಿಖರತೆ, ವೇಗ ಮತ್ತು ಬೆಲೆಯ ಸುತ್ತಲೇ ಸುತ್ತುತ್ತದೆ. ಗುಂಡಿನ ಆಯ್ಕೆ ಮೊದಲಿಗೆ ಅಡುಗೆಮನೆಯ ಆಯ್ಕೆ, ಅನಂತರವೇ ಬಂದೂಕಿನ ಆಯ್ಕೆ ಎಂಬುದು ನನ್ನ ಅಭಿಪ್ರಾಯ. ಉಣ್ಣುವುದಕ್ಕಾಗಿ ಬೇಟೆಯಾಡುವವರು, ಅದರಲ್ಲೂ ಮಕ್ಕಳಿರುವ ಮನೆಯವರು, ಸೀಸದ ಗುಂಡನ್ನು ಬಿಟ್ಟು ತಾಮ್ರದ ಗುಂಡಿಗೆ ಬರಬೇಕು. ಮದ್ದನ್ನು ಆ ಗುಂಡಿಗೂ ಆ ಹಳೆಯ ಬಂದೂಕಿಗೂ ತಕ್ಕಂತೆ ಆರಿಸಬೇಕು. ಹೀಗೇಕೆ ಹೇಳುತ್ತೇನೆಂಬುದನ್ನು ವಿವರಿಸುತ್ತೇನೆ.

ಯುದ್ಧದ ಗುಂಡು, ಬೇಟೆಯ ಗುಂಡು

ಪಾಯಿಂಟ್ 303 ತೋಟಾವನ್ನು ಬ್ರಿಟಿಷ್ ಸೇನೆ ಸ್ವೀಕರಿಸಿದ್ದು 1888ರ ಸುಮಾರಿಗೆ, ಕಪ್ಪು ಮದ್ದಿನೊಂದಿಗೆ. ಕೆಲವೇ ವರ್ಷಗಳಲ್ಲಿ ಅದಕ್ಕೆ ಕಾರ್ಡೈಟ್ ಎಂಬ ಹೊಗೆಯಿಲ್ಲದ ಮದ್ದು ಬಂತು. ಮೆಟ್ಟುಪಾಳ್ಯದಿಂದ ಊಟಿಯ ಪುಟಾಣಿ ರೈಲು ಹತ್ತಿದವರು ಕೂನೂರು ದಾಟಿದ ಮೇಲೆ ಅರುವಂಕಾಡು ಎಂಬ ನಿಲ್ದಾಣವನ್ನು ನೋಡಿರಬಹುದು. ಅಲ್ಲಿನ ಕಾರ್ಖಾನೆ ಕಳೆದ ಶತಮಾನದ ಆರಂಭದಲ್ಲಿ ಈ ಕಾರ್ಡೈಟಿಗಾಗಿಯೇ ಸ್ಥಾಪಿತವಾದದ್ದು. 1910ರಲ್ಲಿ ಬಂದ ಏಳನೆಯ ಮಾದರಿಯ ಸೇನಾ ತೋಟಾದಲ್ಲಿ 174 ಗ್ರೇನ್ ತೂಕದ, ಪೂರ್ತಿ ಲೋಹದ ಕವಚ ಹೊದ್ದ ಗುಂಡು ಇತ್ತು. ಗ್ರೇನ್ ಎಂದರೆ ನಮ್ಮ ಗುಲಗಂಜಿಯ ಹಾಗೆ ಧಾನ್ಯದ ಕಾಳಿನಿಂದ ಹುಟ್ಟಿದ ಅಳತೆ. ಸುಮಾರು 65 ಮಿಲಿಗ್ರಾಂ.

ಕವಚದ ಗುಂಡು ಏಕೆ? ಇದಕ್ಕೂ ನಮ್ಮ ದೇಶಕ್ಕೂ ಒಂದು ಕಹಿಯಾದ ನಂಟಿದೆ. 1890ರ ದಶಕದಲ್ಲಿ ಕಲ್ಕತ್ತೆಯ ಬಳಿಯ ಡಂಡಂ ಶಸ್ತ್ರಾಗಾರದಲ್ಲಿ, ಮೂತಿಯ ಕವಚವನ್ನು ತೆಗೆದು ಒಳಗಿನ ಮೆದು ಸೀಸ ಹೊರಗೆ ಕಾಣುವಂತೆ ಮಾಡಿದ ಗುಂಡುಗಳು ತಯಾರಾದವು. ದೇಹಕ್ಕೆ ತಗಲಿದೊಡನೆ ಅವು ಅಣಬೆಯಂತೆ ಅರಳಿ ಭೀಕರ ಗಾಯ ಮಾಡುತ್ತಿದ್ದವು. 1899ರ ಹೇಗ್ ಸಮ್ಮೇಳನದ ಘೋಷಣೆ ಯುದ್ಧದಲ್ಲಿ ಅಂಥ ಗುಂಡುಗಳನ್ನು ನಿಷೇಧಿಸಿತು. ಆದರೆ ಬೇಟೆಯಲ್ಲಿ ನಿಯಮ ತಲೆಕೆಳಗು. ಕವಚದ ಗುಂಡು ಪ್ರಾಣಿಯ ದೇಹವನ್ನು ಸೂಜಿಯಂತೆ ತೂರಿ ಹೋಗುತ್ತದೆ. ಗಾಯಗೊಂಡ ಪ್ರಾಣಿ ಮೈಲುಗಟ್ಟಲೆ ಓಡಿ, ಗಂಟೆಗಟ್ಟಲೆ ನರಳಿ ಸಾಯುತ್ತದೆ. ಆದುದರಿಂದ ದೊಡ್ಡ ಪ್ರಾಣಿಗಳ ಬೇಟೆಗೆ ಮೆದು ಮೂತಿಯ ಅಥವಾ ಅರಳುವ ಗುಂಡನ್ನೇ ಬಳಸಬೇಕೆಂದು ಮಿನೆಸೋಟಾದ ಕಾನೂನು ಹೇಳುತ್ತದೆ. ಹಳೆಯ ರೈಫಲ್ ಜೊತೆಗೆ ಅಗ್ಗವಾಗಿ ಸಿಕ್ಕ ಹಳೆಯ ಸೇನಾ ತೋಟಾಗಳನ್ನು ಕಾಡಿಗೆ ಒಯ್ಯಬಾರದೆಂಬುದಕ್ಕೆ ಇದೊಂದೇ ಕಾರಣ ಸಾಕು.

ಈ ನಿಯಮ ಕರುಣೆಯಿಂದ ಹುಟ್ಟಿದ್ದು, ಸರಿಯಾದದ್ದು. ಆದರೆ ಅರಳುವ ಗುಂಡು ಸಾಮಾನ್ಯವಾಗಿ ತಾಮ್ರದ ತೆಳು ಕವಚದೊಳಗೆ ಸೀಸ ತುಂಬಿದ ಗುಂಡು. ಅದು ಅರಳುವಾಗ ಒಂದಿಷ್ಟು ಒಡೆಯುತ್ತದೆ, ಮೂಳೆಗೆ ತಗಲಿದರೆ ಇನ್ನೂ ಹೆಚ್ಚು ಒಡೆಯುತ್ತದೆ. ಒಡೆದ ಸೀಸ ಮಾಂಸದಲ್ಲೇ ಉಳಿಯುತ್ತದೆ.

ಎಕ್ಸ್‌ರೇಯಲ್ಲಿ ಕಂಡದ್ದು

ಕಳೆದ ರಾಜ್ಯೋತ್ಸವದ ಊಟಕ್ಕೆ ನಾನು ತಂದ ಜಿಂಕೆಯನ್ನು ಹೊಡೆದದ್ದು ನಾನೇ ತುಂಬಿದ ಸೀಸದ ಮೆದುಮೂತಿಯ ಗುಂಡಿನಿಂದ. ಗಾಯದ ಸುತ್ತಲಿನ ಮಾಂಸವನ್ನು ಕತ್ತರಿಸಿ ಎಸೆದಿದ್ದೆ. ವೈದ್ಯನಾಗಿ ಸೀಸದ ವಿಷಯ ಗೊತ್ತಿದ್ದೂ, ‘ನಾನು ಚೆನ್ನಾಗಿ ಶುಚಿಗೊಳಿಸಿದ್ದೇನೆ’ ಎಂಬ ಧೈರ್ಯ. ಊಟವಾಗಿ ಕೆಲವು ವಾರಗಳಾದ ಮೇಲೆ ಪಶುವೈದ್ಯ ಮಿತ್ರರೊಬ್ಬರ ಮನೆಗೆ ಹೋದಾಗ ಬೇಟೆಯ ಮಾತು ಬಂತು. ಅವರು ನಗುತ್ತಾ, ‘ಉಳಿದ ಪೊಟ್ಟಣಗಳನ್ನು ತಾ, ನನ್ನ ಎಕ್ಸ್‌ರೇ ಯಂತ್ರದ ಕೆಳಗಿಟ್ಟು ನೋಡೋಣ’ ಎಂದರು. ಆರು ಪೊಟ್ಟಣ ಒಯ್ದೆ. ಎರಡರಲ್ಲಿ, ಕರಿ ಕಂಬಳಿಯ ಮೇಲೆ ರವೆ ಚೆಲ್ಲಿದಂತೆ, ಬಿಳಿಯ ಚುಕ್ಕೆಗಳು. ಬೆರಳಿಗೆ ಸಿಗದಷ್ಟು, ಹಲ್ಲಿಗೆ ತಿಳಿಯದಷ್ಟು ಸಣ್ಣವು. ಗಾಯದಿಂದ ಒಂದು ಗೇಣು ದೂರದ ಮಾಂಸವೆಂದು ನಾನೇ ಗುರುತು ಬರೆದಿದ್ದ ಪೊಟ್ಟಣವೂ ಅದರಲ್ಲಿ ಒಂದು.

ಆ ರಾತ್ರಿ ನಿದ್ದೆ ಬರಲಿಲ್ಲ. ನನ್ನ ಕಿರಿಯ ಮಗಳು ಎರಡು ಸಲ ಬಡಿಸಿಕೊಂಡಿದ್ದು ನೆನಪಾಯಿತು. ನಿಮ್ಮ ಮಕ್ಕಳೂ ಅದೇ ಸಾಲಿನಲ್ಲಿದ್ದರು. ಮಗಳ ರಕ್ತಪರೀಕ್ಷೆ ಮಾಡಿಸಿದೆ. ಫಲಿತಾಂಶ ಕಳವಳಪಡುವ ಮಟ್ಟಕ್ಕಿಂತ ಕೆಳಗೇ ಇತ್ತು. ಒಂದು ಊಟದಿಂದ ಯಾರಿಗೂ ವಿಷವೇರುವುದಿಲ್ಲ ಎಂಬುದನ್ನು ಇಲ್ಲಿಯೇ ಸ್ಪಷ್ಟಪಡಿಸುತ್ತೇನೆ, ಯಾರೂ ಗಾಬರಿಯಾಗಬೇಕಾಗಿಲ್ಲ. ಆದರೆ ತಿಳಿದೂ ತಿಳಿದೂ ಮತ್ತೆ ಅದೇ ಪಾತ್ರೆಯನ್ನು ತರಲು ನನಗೆ ಅಧಿಕಾರವಿಲ್ಲ.

ನಾನು ಕಂಡದ್ದು ಹೊಸತೇನಲ್ಲ. 2008ರಲ್ಲಿ ನಮ್ಮ ನೆರೆಯ ನಾರ್ತ್ ಡಕೋಟಾದಲ್ಲಿ ವಿಲಿಯಂ ಕಾರ್ನಾಟ್ಜರ್ ಎಂಬ ಚರ್ಮರೋಗ ತಜ್ಞರು, ಬಡವರಿಗೆ ದಾನವಾಗಿ ಬಂದಿದ್ದ ಜಿಂಕೆ ಮಾಂಸದ ಸುಮಾರು 100 ಪೊಟ್ಟಣಗಳನ್ನು ಸಿ.ಟಿ. ಸ್ಕ್ಯಾನ್ ಮಾಡಿಸಿದರು. ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ ಲೋಹದ ಚೂರುಗಳು ಕಂಡವು. ಆ ರಾಜ್ಯ ಅನ್ನದಾನ ಕೇಂದ್ರಗಳಿಗೆ ಅಂಥ ಮಾಂಸವನ್ನು ಹಂಚಬೇಡಿರೆಂದು ಸೂಚಿಸಿತು. ಮರುವರ್ಷ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ಸೀಸದ ಗುಂಡಿನಿಂದ ಹೊಡೆದ 30 ಜಿಂಕೆಗಳ ಪೈಕಿ 24ರ ಅರೆದ ಮಾಂಸದಲ್ಲಿ ಚೂರುಗಳಿದ್ದವು. ಆ ಮಾಂಸವನ್ನು ತಿನ್ನಿಸಿದ ಹಂದಿಗಳ ರಕ್ತದಲ್ಲಿ ಸೀಸ ಏರಿತು. ಇನ್ನೊಂದು ಮಗ್ಗುಲನ್ನೂ ಹೇಳಬೇಕು. ರೋಗನಿಯಂತ್ರಣ ಕೇಂದ್ರದವರು ನಾರ್ತ್ ಡಕೋಟಾದ 738 ಜನರ ರಕ್ತ ಪರೀಕ್ಷಿಸಿದಾಗ, ಬೇಟೆಯ ಮಾಂಸ ಉಣ್ಣುವವರಲ್ಲಿ ಸೀಸ ಹೆಚ್ಚಿದ್ದುದು ಪ್ರತಿ ಡೆಸಿಲೀಟರಿಗೆ ಸುಮಾರು 0.3 ಮೈಕ್ರೋಗ್ರಾಂ ಮಾತ್ರ. ಯಾರದೂ 10ನ್ನು ಮುಟ್ಟಿರಲಿಲ್ಲ. ಅಂದರೆ ಇದು ಸಾಂಕ್ರಾಮಿಕ ಪಿಡುಗಲ್ಲ. ಸಣ್ಣದಾದರೂ ನಿಜವಾದ, ಸುಲಭವಾಗಿ ತಪ್ಪಿಸಬಹುದಾದ ಹೊರೆ.

ಸಣ್ಣ ಹೊರೆಗೆ ಇಷ್ಟು ಮಾತೇಕೆ?

ಸೀಸದ ವಿಷಯದಲ್ಲಿ ಮಕ್ಕಳಿಗೆ ಸುರಕ್ಷಿತವೆನ್ನಬಹುದಾದ ಮಟ್ಟವೇ ಇಲ್ಲವೆಂಬುದು ಇಂದಿನ ವೈದ್ಯಕೀಯ ನಿಲುವು. ಮಕ್ಕಳ ರಕ್ತದಲ್ಲಿ ಗಮನಹರಿಸಬೇಕಾದ ಮಟ್ಟವನ್ನು ರೋಗನಿಯಂತ್ರಣ ಕೇಂದ್ರ 2021ರಲ್ಲಿ 3.5 ಮೈಕ್ರೋಗ್ರಾಂಗೆ ಇಳಿಸಿತು. ಅದೂ ‘ಇಲ್ಲಿಯವರೆಗೆ ಸುರಕ್ಷಿತ’ ಎಂಬ ಗೆರೆಯಲ್ಲ. ಸೀಸ ದೇಹದಲ್ಲಿ ಕ್ಯಾಲ್ಸಿಯಂನ ವೇಷ ಹಾಕಿ ಓಡಾಡುತ್ತದೆ. ಮೂಳೆಯಲ್ಲಿ ದಶಕಗಳ ಕಾಲ ಅಡಗಿರುತ್ತದೆ. ಗರ್ಭಿಣಿಯಾದಾಗ, ಹಾಲೂಡಿಸುವಾಗ ತಾಯಿಯ ಮೂಳೆಯಿಂದ ಹೊರಬಿದ್ದು ಮಗುವನ್ನು ಸೇರುತ್ತದೆ. ಮಕ್ಕಳ ಕರುಳು ಅದನ್ನು ವಯಸ್ಕರಿಗಿಂತ ಹಲವು ಪಟ್ಟು ಹೆಚ್ಚು ಹೀರುತ್ತದೆ. ಕಬ್ಬಿಣಾಂಶ ಕಡಿಮೆಯಿದ್ದವರಲ್ಲಿ ಇನ್ನೂ ಹೆಚ್ಚು. ನಮ್ಮ ಸಮುದಾಯದ ಹೆಣ್ಣುಮಕ್ಕಳಲ್ಲಿ ರಕ್ತಹೀನತೆ ಎಷ್ಟು ಸಾಮಾನ್ಯವೆಂಬುದನ್ನು ನಾನು ಹೇಳಬೇಕಾಗಿಲ್ಲ. ಕಡಿಮೆ ಮಟ್ಟದ ಸೀಸವನ್ನು ಹೊರತೆಗೆಯಲು ನಮ್ಮ ಬಳಿ ಔಷಧವಿಲ್ಲ. ಅದು ಒಳಹೋಗದಂತೆ ನೋಡಿಕೊಳ್ಳುವುದೊಂದೇ ದಾರಿ.

ನಮ್ಮವರಿಗೆ ಸೀಸ ಒಂದೇ ಬಾಗಿಲಿನಿಂದ ಬರುವುದಿಲ್ಲ ಎಂಬುದನ್ನೂ ಮರೆಯಬಾರದು. ಬಣ್ಣ ಬೆರೆಸಿದ ಅರಿಸಿನ, ಕೆಲವು ಬಗೆಯ ಕಾಡಿಗೆ, ಕೆಲವು ಭಸ್ಮ-ರಸೌಷಧಗಳು, ಹಳೆಯ ಮನೆಯ ಗೋಡೆಬಣ್ಣ. ಭಾರತದಲ್ಲಿ ಪೆಟ್ರೋಲಿನಿಂದ ಸೀಸ ತೊಲಗಿದ್ದು 2000ದಲ್ಲಿ. ಅದರ ಹಿಂದಿನ ವರ್ಷವೇ ದೇಶದ ಪ್ರಮುಖ ನಗರಗಳ ಮಕ್ಕಳ ರಕ್ತದಲ್ಲಿರುವ ಸೀಸವನ್ನು ಅಳೆದು ದೇಶದ ಕಣ್ಣು ತೆರೆಸಿದವರಲ್ಲಿ ಮುಖ್ಯರು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ತುಪ್ಪಿಲ್ ವೆಂಕಟೇಶ್. ಆ ಪರೀಕ್ಷೆಯಲ್ಲಿ 12 ವರ್ಷಕ್ಕಿಂತ ಕಿರಿಯ ಮಕ್ಕಳ ಪೈಕಿ ಅರ್ಧದಷ್ಟು ಮಂದಿಯ ಮಟ್ಟ 10ನ್ನು ಮೀರಿತ್ತು. ಆ ಕಾಲದಲ್ಲಿ ನಗರಗಳಲ್ಲಿ ಬೆಳೆದವರು ಇಂದು ಇಲ್ಲಿ ತಾಯಿ-ತಂದೆಯರಾಗಿದ್ದಾರೆ. ಅವರ ಮೂಳೆಗಳಲ್ಲಿರುವ ಹಳೆಯ ಸಾಲದ ಮೇಲೆ ಹೊಸ ಸಾಲ ಹೇರುವುದು ಬೇಡ.

ಗುಂಡಿನ ಆಯ್ಕೆ

ಪರ್ಯಾಯ ಇದೆ, ಅದು ಇಡೀ ತಾಮ್ರದ, ಅಥವಾ ತಾಮ್ರದ ಮಿಶ್ರಲೋಹದ ಅರಳುವ ಗುಂಡು. ಮೂತಿಯಲ್ಲಿ ಟೊಳ್ಳು ಇದ್ದು, ತಗಲಿದಾಗ ದಳಗಳಾಗಿ ಬಿಚ್ಚಿಕೊಳ್ಳುತ್ತದೆ. ಹೆಚ್ಚೂಕಡಿಮೆ ಇಡಿಯಾಗಿ ಉಳಿಯುತ್ತದೆ. ಕರುಣೆಯ ನಿಯಮವೂ ಪಾಲನೆಯಾಯಿತು, ತಟ್ಟೆಯೂ ಶುದ್ಧವಾಯಿತು. ಆದರೆ ಹಳೆಯ ಸೇನಾ ರೈಫಲ್ಲಿಗೆ ಇದನ್ನು ಆರಿಸುವಾಗ ಮೂರು ಎಚ್ಚರಿಕೆಗಳು ಬೇಕು.

ಮೊದಲನೆಯದು ದಪ್ಪ. ಪಾಯಿಂಟ್ 303 ಎಂಬ ಹೆಸರನ್ನು ನಂಬಬಾರದು. ಅದರ ಗುಂಡಿನ ನಿಜವಾದ ವ್ಯಾಸ 0.311 ಅಥವಾ 0.312 ಅಂಗುಲ, ಯುದ್ಧಕಾಲದ ಅವಸರದಲ್ಲಿ ಕೊರೆದ, ಸವೆದ ನಳಿಗೆಗಳಲ್ಲಿ ತೋಡಿನ ಅಗಲ ಇನ್ನೂ ಹೆಚ್ಚಿರುವುದುಂಟು. ಎಲ್ಲೆಡೆ ಸಿಗುವ 0.308ರ ಗುಂಡು ಇದರಲ್ಲಿ ಸಡಿಲವಾಗಿ ಗುರಿ ತಪ್ಪುತ್ತದೆ. ಇದಕ್ಕೆ ವಿರುದ್ಧವಾದ ತಪ್ಪು ಇನ್ನೂ ಅಪಾಯಕಾರಿ. ಜರ್ಮನಿಯ ಹಳೆಯ ಎಂಟು ಮಿಲಿಮೀಟರ್ ರೈಫಲ್‌ಗಳಲ್ಲಿ 0.318 ಮತ್ತು 0.323 ಅಂಗುಲದ ಎರಡು ಬಗೆಗಳಿವೆ. ಕಿರಿದಾದ ನಳಿಗೆಯಲ್ಲಿ ದಪ್ಪ ಗುಂಡು ಹಾರಿಸಿದರೆ ಒತ್ತಡ ಮಿತಿಮೀರುತ್ತದೆ. ಸೀಸದ ಗುಂಡು ಮೆದು, ಅಷ್ಟಿಷ್ಟು ಹೊಂದಿಕೊಳ್ಳುತ್ತದೆ, ತಾಮ್ರ ಹೊಂದಿಕೊಳ್ಳುವುದಿಲ್ಲ. ಆದುದರಿಂದ ಕೊಳ್ಳುವ ಮೊದಲು ಬಲ್ಲ ಬಂದೂಕು ಕುಶಲಕರ್ಮಿಯಿಂದ ನಳಿಗೆಯನ್ನು ಅಳೆಸಬೇಕು.

ಎರಡನೆಯದು ಉದ್ದ. ಸೀಸದ ಸಾಂದ್ರತೆ ಘನ ಸೆಂಟಿಮೀಟರಿಗೆ 11.3 ಗ್ರಾಂ, ತಾಮ್ರದ್ದು ಸುಮಾರು 9. ಹೀಗಾಗಿ ಒಂದೇ ತೂಕದ ತಾಮ್ರದ ಗುಂಡು ಹೆಚ್ಚು ಉದ್ದವಾಗುತ್ತದೆ, ಕೋಶದೊಳಗೆ ಮದ್ದಿನ ಜಾಗವನ್ನು ಆಕ್ರಮಿಸುತ್ತದೆ. 174 ಅಥವಾ 180 ಗ್ರೇನಿನ ಸೀಸದ ಗುಂಡಿನ ಬದಲು 150 ಗ್ರೇನಿನ ತಾಮ್ರದ ಗುಂಡು ಸಾಕು. ಒಡೆಯದೆ ಇಡಿಯಾಗಿ ಉಳಿಯುವುದರಿಂದ ಹಗುರವಾದರೂ ಆಳಕ್ಕೆ ಇಳಿಯುತ್ತದೆ. ಬಿಳಿಬಾಲದ ಜಿಂಕೆಗೆ ಅದಕ್ಕಿಂತ ಹೆಚ್ಚು ಬೇಕಿಲ್ಲ.

ಮೂರನೆಯದು ವೇಗ. ತಾಮ್ರ ಗಟ್ಟಿ, ಅದು ಅರಳಲು ಕನಿಷ್ಠ ವೇಗ ಬೇಕು. ತಯಾರಕರು ಆ ಅಂಕಿಯನ್ನು ಕೊಟ್ಟಿರುತ್ತಾರೆ. ಹಳೆಯ ರೈಫಲ್, ಸೌಮ್ಯವಾದ ತೋಟಾ, ತೆರೆದ ಗುರಿಕಣ್ಣು. ಇವೆಲ್ಲ ಸೇರಿದರೆ ಗುರಿಯ ದೂರವನ್ನು ನಾವೇ ಮಿತಗೊಳಿಸಿಕೊಳ್ಳಬೇಕು. ನನ್ನ ಮಟ್ಟಿಗೆ ಅದು 100 ಗಜ. ಅದಕ್ಕಿಂತ ದೂರದ ಜಿಂಕೆ ಹೋಗಲಿ ಬಿಡಿ.

ಮದ್ದಿನ ಆಯ್ಕೆ

ಕನ್ನಡದಲ್ಲಿ ಔಷಧಕ್ಕೂ ಮದ್ದು ಎನ್ನುತ್ತೇವೆ, ಬಂದೂಕಿಗೆ ತುಂಬುವುದಕ್ಕೂ ಮದ್ದು ಎನ್ನುತ್ತೇವೆ. ಎರಡರಲ್ಲೂ ಪ್ರಮಾಣವೇ ಪ್ರಾಣ. ಪಕ್ಕದ ಮನೆಯವರ ಚೀಟಿಯ ಔಷಧವನ್ನು ನಾವು ನುಂಗುವುದಿಲ್ಲ. ಹಾಗೆಯೇ ಇನ್ನೊಬ್ಬರ ಬಂದೂಕಿನ ಅಳತೆಯನ್ನು ನಮ್ಮ ಬಂದೂಕಿಗೆ ಹಾಕಬಾರದು. ಆದುದರಿಂದ ಈ ಲೇಖನದಲ್ಲಿ ಎಷ್ಟು ಗ್ರೇನ್ ಮದ್ದು ಎಂಬ ಅಂಕಿ ಇಲ್ಲ, ಕೇಳಿದರೂ ಕೊಡುವುದಿಲ್ಲ. ಮದ್ದಿನ ಮತ್ತು ಗುಂಡಿನ ತಯಾರಕರು ಪ್ರಕಟಿಸಿರುವ ಕೈಪಿಡಿಗಳಲ್ಲಿ ಆಯಾ ಗುಂಡಿನ ಹೆಸರಿನಡಿಯೇ ಇರುವ ಅಂಕಿಗಳಷ್ಟೇ ಪ್ರಮಾಣ. ಸೀಸದ ಗುಂಡಿನ ಅಂಕಿಗಳನ್ನು ಅದೇ ತೂಕದ ತಾಮ್ರದ ಗುಂಡಿಗೆ ಬಳಸಿದರೆ ಒತ್ತಡ ಏರಬಹುದು. ಕೈಪಿಡಿಯ ಆರಂಭಿಕ ಪ್ರಮಾಣದಿಂದಲೇ ತೊಡಗಿ, ಒತ್ತಡದ ಲಕ್ಷಣಗಳನ್ನು ನೋಡುತ್ತಾ ಸ್ವಲ್ಪಸ್ವಲ್ಪವೇ ಏರಬೇಕು.

ಮದ್ದುಗಳ ಮುಖ್ಯ ವ್ಯತ್ಯಾಸ ಉರಿಯುವ ವೇಗದಲ್ಲಿದೆ. ಕೆಲವು ಕರ್ಪೂರದಂತೆ ಭಗ್ಗೆನ್ನುತ್ತವೆ. ಕೆಲವು ಹಲಸಿನ ಕೊರಡಿನಂತೆ ನಿಧಾನ. ಪಾಯಿಂಟ್ 303ರಂಥ ಮಧ್ಯಮ ಗಾತ್ರದ ಕೋಶಕ್ಕೆ ಮಧ್ಯಮ ವೇಗದ ಮದ್ದೇ ಹಿತ. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಸೇನೆ ಗರಾಂಡ್ ರೈಫಲ್ಲಿನ ತೋಟಾಗಳಿಗೆ ಬಳಸಿದ 4895 ಇದೇ ವರ್ಗದ್ದು. ಯುದ್ಧದ ನಂತರ ಉಳಿದ ಆ ಮದ್ದನ್ನು ಬ್ರೂಸ್ ಹಾಡ್ಜ್‌ಡನ್ ಎಂಬವರು ಕೊಂಡು ಮಾರಿದ್ದರಿಂದಲೇ ಈ ದೇಶದಲ್ಲಿ ಮನೆಯಲ್ಲಿ ತೋಟಾ ತುಂಬುವ ಹವ್ಯಾಸ ಹಬ್ಬಲು ನೆರವಾಯಿತು. ನಾನು ಎರಡು ಗುಣಗಳನ್ನು ನೋಡುತ್ತೇನೆ. ಒಂದು, ಸರಿಯಾದ ಪ್ರಮಾಣವೇ ಕೋಶದ ಬಹುಭಾಗವನ್ನು ತುಂಬಬೇಕು; ಆಗ ಮರೆವಿನಿಂದ ಎರಡು ಸಲ ಸುರಿದರೆ ತುಳುಕಿ ಕಣ್ಣಿಗೆ ಬೀಳುತ್ತದೆ. ಎರಡು, ಚಳಿ-ಸೆಕೆಗೆ ಹೆಚ್ಚು ಬದಲಾಗದ ಮದ್ದಾಗಿರಬೇಕು. ಜುಲೈನ ಬಿಸಿಲಿನಲ್ಲಿ ಪರೀಕ್ಷಿಸಿದ್ದನ್ನು ನಾವು ಹಿಮ ಬೀಳುವ ನವೆಂಬರಿನಲ್ಲಿ ಹಾರಿಸುತ್ತೇವಲ್ಲ!

ಹಿರಿಯ ರೋಗಿಗೆ ಪ್ರಮಾಣ ತಗ್ಗಿಸುವಂತೆ ಹಿರಿಯ ಬಂದೂಕಿನೊಡನೆಯೂ ಸಂಯಮ ಬೇಕು. ಲೀ-ಎನ್‌ಫೀಲ್ಡಿನ ಬೋಲ್ಟ್ ಹಿಂಬದಿಯಲ್ಲಿ ಬೀಗ ಹಾಕಿಕೊಳ್ಳುತ್ತದೆ, ಕೋಣೆ ಸಡಿಲ. ಹೊಡೆದಾಗ ಹಿತ್ತಾಳೆಯ ಕೋಶ ಹಿಗ್ಗುತ್ತದೆ, ನಾಲ್ಕಾರು ಸಲ ಬಳಸಿದರೆ ಬುಡದ ಬಳಿ ಬಿರುಕು ಬಿಡಬಹುದು. ಅರ್ಧ ಅಂಗುಲದ ನಿಖರತೆಗಾಗಿ, ನೂರಡಿ ಹೆಚ್ಚಿನ ವೇಗಕ್ಕಾಗಿ ಅದನ್ನು ಹಿಂಸಿಸಬಾರದು. ಹಾಗೆಂದು ನಿಧಾನವಾಗಿ ಉರಿಯುವ ಮದ್ದನ್ನು ಕೈಪಿಡಿಯ ಕನಿಷ್ಠಕ್ಕಿಂತ ಇಳಿಸುವುದೂ ಅಪಾಯವೇ.

ಇನ್ನೊಂದು ಮಾತು, ನಮ್ಮವರಿಗೇ ವಿಶೇಷವಾಗಿ. ಹಾರ್ಲಿಕ್ಸ್ ಬಾಟಲಿಯಲ್ಲಿ ಹುಣಸೆಹಣ್ಣು, ಬಿಸ್ಕತ್ತಿನ ಡಬ್ಬದಲ್ಲಿ ಸೂಜಿದಾರ ಇಡುವ ಜನ ನಾವು. ಮದ್ದಿನ ವಿಷಯದಲ್ಲಿ ಈ ಜಾಣತನ ಕೂಡದು. ಅದು ಬಂದ ಡಬ್ಬದಲ್ಲೇ, ಅದರ ಚೀಟಿಯೊಡನೆಯೇ ಇರಬೇಕು. ಮೇಜಿನ ಮೇಲೆ ಒಂದು ಹೊತ್ತಿಗೆ ಒಂದೇ ಡಬ್ಬ. ಹುಳಿ ವಾಸನೆ ಬಂದರೆ, ಕಂದುಗೆಂಪು ಹೊಗೆ ಕಂಡರೆ ಆ ಮದ್ದು ಕೆಟ್ಟಿದೆಯೆಂದು ಅರ್ಥ, ಅದನ್ನು ಬಳಸಬಾರದು.

ಗ್ಯಾರೇಜಿನ ಧೂಳು

ಗುಂಡು ತಾಮ್ರದ್ದಾದರೂ ಸೀಸದ ಕತೆ ಅಲ್ಲಿಗೆ ಮುಗಿಯುವುದಿಲ್ಲ. ಸಾಮಾನ್ಯ ಪ್ರೈಮರ್‌ನಲ್ಲಿಯೂ ಸೀಸದ ಸಂಯುಕ್ತವಿದೆ. ಹಾರಿಸಿದ ಕೋಶಗಳ ಮಸಿಯಲ್ಲಿ, ಅವುಗಳನ್ನು ಒಣದಾಗಿ ಉಜ್ಜುವ ಯಂತ್ರದ ಧೂಳಿನಲ್ಲಿ ಅದು ಇರುತ್ತದೆ. ಊಟದ ಮೇಜಿನ ಮೇಲೆ ಈ ಕೆಲಸ ಬೇಡ. ಕೋಶಗಳನ್ನು ನೀರಿನಲ್ಲಿ ತೊಳೆಯಿರಿ, ಒದ್ದೆ ಬಟ್ಟೆಯಿಂದ ಮೇಜು ಒರೆಸಿ, ಆ ಅಂಗಿಯನ್ನು ಬೇರೆಯಾಗಿ ಒಗೆಯಿರಿ, ಕೈ ತೊಳೆಯದೆ ಮಗುವನ್ನು ಎತ್ತಿಕೊಳ್ಳಬೇಡಿ. ಗ್ಯಾರೇಜಿನಲ್ಲಿ ಸೀಸ ಕರಗಿಸಿ ಗುಂಡು ಎರಕ ಹೊಯ್ಯುವ ಹವ್ಯಾಸವಿದ್ದವರು, ಮನೆಯಲ್ಲಿ ಮಕ್ಕಳು ಇರುವಷ್ಟು ಕಾಲ ಅದನ್ನು ಕೈಬಿಡುವುದೇ ಲೇಸು.

ಕೇಳಿಬರುವ ಆಕ್ಷೇಪಗಳು

‘ನಮ್ಮ ಅಜ್ಜಂದಿರು ಜೀವಮಾನವೆಲ್ಲ ಸೀಸದ ಗುಂಡಿನ ಕಾಡುಹಂದಿ ತಿಂದು ತೊಂಬತ್ತು ವರ್ಷ ಬಾಳಲಿಲ್ಲವೇ?’ ಎಂದು ಕೊಡಗಿನ ಗೆಳೆಯನೇ ಕೇಳಿದ. ಬಾಳಿದರು, ಅವರ ಬಾಳನ್ನು ನಾನು ಗೌರವಿಸುತ್ತೇನೆ. ಆದರೆ ಅವರ ಮಕ್ಕಳ ರಕ್ತವನ್ನು ಆಗ ಯಾರೂ ಪರೀಕ್ಷಿಸಿರಲಿಲ್ಲ. ಅದೇ ಅಜ್ಜಿಯಂದಿರು ಕಲಾಯಿಯಿಲ್ಲದ ಹಿತ್ತಾಳೆಯ ಪಾತ್ರೆಯಲ್ಲಿ ಹುಳಿ ಬೇಯಿಸುತ್ತಿರಲಿಲ್ಲ ಎಂಬುದನ್ನೂ ನೆನಪಿಡೋಣ. ಹುಳಿ ಲೋಹವನ್ನು ಕರಗಿಸುತ್ತದೆಂದು ಅವರಿಗೆ ತಿಳಿದಿತ್ತು. ಬೇಟೆಯ ಹಕ್ಕಿಗಳನ್ನು ವಿನೆಗರಿನಲ್ಲಿ ಬೇಯಿಸಿ ನಡೆಸಿದ ಪರೀಕ್ಷೆಗಳೂ ಅದನ್ನೇ ತೋರಿಸಿವೆ. ಹುಳಿಯಲ್ಲಿ ಬೆಂದಾಗ ಸೀಸ ಹೆಚ್ಚು ಕರಗುತ್ತದೆ. ನಮ್ಮ ಹುಣಸೆ, ನಿಂಬೆ, ಕಾಚಂಪುಳಿಗಳೂ ಹುಳಿಯೇ. ಅಜ್ಜಿಯ ವಿವೇಕವನ್ನು ಪಾತ್ರೆಯಿಂದ ಗುಂಡಿಗೆ ವಿಸ್ತರಿಸಿದರೆ ಸಾಕು.

‘ತಾಮ್ರ ದುಬಾರಿ’ ಎನ್ನುವವರಿದ್ದಾರೆ. ನಿಜ. ಆದರೆ ಗುರಿ ಅಭ್ಯಾಸಕ್ಕೆ ಅಗ್ಗದ ಗುಂಡು ಇರಲಿ. ಕಾಡಿಗೆ ಒಯ್ಯುವುದು ವರ್ಷಕ್ಕೆ ನಾಲ್ಕೈದು ತೋಟಾ ಮಾತ್ರ. ತಾಮ್ರದ ಗುಂಡಿನ ಗುರಿಬಿಂದು ಬೇರೆಯಾಗಬಹುದು, ಆದುದರಿಂದ ಋತುವಿಗೆ ಮುನ್ನ ಅದರಲ್ಲೂ ಕೆಲವನ್ನು ಹಾರಿಸಿ ನೋಡಬೇಕು. ಒಟ್ಟು ಹೆಚ್ಚುವರಿ ವೆಚ್ಚ ಒಂದು ಕುಟುಂಬದ ಒಂದು ಹೊತ್ತಿನ ಹೋಟೆಲ್ ಊಟದಷ್ಟೂ ಆಗದು.

‘ಸರ್ಕಾರ ನಿಷೇಧಿಸಿಲ್ಲವಲ್ಲ’ ಎಂಬುದು ಮೂರನೆಯ ಮಾತು. ನೀರುಹಕ್ಕಿಗಳ ಬೇಟೆಯಲ್ಲಿ ಸೀಸದ ಚರೆಯನ್ನು 1991ರಲ್ಲೇ ದೇಶದಾದ್ಯಂತ ನಿಷೇಧಿಸಲಾಗಿದೆ. 1982ರಲ್ಲಿ ಕೇವಲ 22ಕ್ಕೆ ಇಳಿದಿದ್ದ ಕಾಂಡರ್ ರಣಹದ್ದುಗಳನ್ನು ಉಳಿಸಿಕೊಳ್ಳಲು ಹೆಣಗುತ್ತಿರುವ ಕ್ಯಾಲಿಫೋರ್ನಿಯ 2019ರ ಜುಲೈಯಿಂದ ಎಲ್ಲ ಬೇಟೆಗೂ ಸೀಸವನ್ನು ನಿಷೇಧಿಸಿದೆ. ನಮ್ಮಲ್ಲಿ ಬೇಟೆಗಾರರು ಕಾಡಿನಲ್ಲಿ ಬಿಟ್ಟುಬಂದ ಕರುಳು-ಮಾಂಸವನ್ನು ತಿಂದ ಬೋಳುಹದ್ದುಗಳು ಪ್ರತಿ ಚಳಿಗಾಲದಲ್ಲಿ ಸೀಸದ ವಿಷದಿಂದ ನಮ್ಮ ವಿಶ್ವವಿದ್ಯಾಲಯದ ಹಕ್ಕಿ ಚಿಕಿತ್ಸಾಲಯಕ್ಕೆ ಬರುತ್ತವೆ. ಗರುಡನಿಗೆ ಕೈಮುಗಿಯುವ ನಾವು ಕಾನೂನಿಗಾಗಿ ಕಾಯಬೇಕೆ?

ಸಂಘದ ಮುಂದೆ ನನ್ನ ಕೋರಿಕೆ

ಮಾಂಸಾಹಾರ ಮಾಡದ ಸದಸ್ಯರೂ ಇಲ್ಲಿಯವರೆಗೆ ಓದಿದ್ದರೆ ಅವರಿಗೆ ನನ್ನ ವಂದನೆ. ಈ ವಿಷಯದಲ್ಲಿ ಅವರ ಮತವೂ ಬೇಕು. ಕಾರ್ಯಕಾರಿ ಸಮಿತಿಯ ಮುಂದೆ ಮೂರು ಕೋರಿಕೆಗಳನ್ನು ಇಡುತ್ತಿದ್ದೇನೆ. ಒಂದು, ಸಂಘದ ಕೂಟಕ್ಕೆ ಬೇಟೆಯ ಮಾಂಸ ತರುವವರು ಅದನ್ನು ಯಾವ ಗುಂಡಿನಿಂದ ಹೊಡೆದದ್ದೆಂದು ಪಾತ್ರೆಯ ಮುಂದೆ ಚೀಟಿ ಇಡಲಿ. ಕಡಲೆಬೀಜ ಇದ್ದರೆ ಚೀಟಿ ಇಡುತ್ತೇವಲ್ಲ, ಹಾಗೆ. ಎರಡು, ಸೀಸದ ಗುಂಡಿನ ಮಾಂಸವನ್ನು, ಅದರಲ್ಲೂ ಅರೆದ ಮಾಂಸವನ್ನು, ಮಕ್ಕಳಿಗೂ ಗರ್ಭಿಣಿಯರಿಗೂ ಬಡಿಸದಿರೋಣ. ಮೂರು, ಮುಂದಿನ ಆರೋಗ್ಯ ಶಿಬಿರದಲ್ಲಿ ಸೀಸದ ಬಗ್ಗೆ ಒಂದು ಗಂಟೆ ಮೀಸಲಿಡೋಣ. ಅರಿಸಿನದಿಂದ ಬಂದೂಕಿನವರೆಗೆ ಎಲ್ಲವನ್ನೂ ಮಾತಾಡೋಣ. ನೆರೆಯವರು ಕೊಟ್ಟ ಮಾಂಸವನ್ನು ನಿರಾಕರಿಸಿ ಮನ ನೋಯಿಸಬೇಕಾಗಿಲ್ಲ. ‘ಯಾವ ಗುಂಡು ಬಳಸುತ್ತೀರಿ?’ ಎಂದು ಆಸಕ್ತಿಯಿಂದ ಕೇಳಿ. ಬೇಟೆಗಾರರಿಗೆ ಆ ಪ್ರಶ್ನೆ ಇಷ್ಟ. ಅರ್ಧ ಗಂಟೆ ಉತ್ತರಿಸುತ್ತಾರೆ.

ಈ ವರ್ಷ ನಾನು ತುಂಬಿದ ತೋಟಾಗಳಲ್ಲಿ ತಾಮ್ರವಿದೆ. ಇಷಾಪುರದ ಆ ಹಳೆಯ ರೈಫಲ್ ಅವುಗಳನ್ನು ಮುನಿಸಿಲ್ಲದೆ ಸ್ವೀಕರಿಸಿತು. 100 ಗಜದ ಗುರಿಯಲ್ಲಿ ಐದು ಗುಂಡುಗಳು ನನ್ನ ಅಂಗೈಯಗಲದಲ್ಲಿ ಬಿದ್ದವು. ಜಿಂಕೆ ಸಿಕ್ಕಿದರೆ ಸಂಘದ ಊಟಕ್ಕೆ ಪಾತ್ರೆ ತರುತ್ತೇನೆ, ಚೀಟಿಯೊಂದಿಗೆ. ಸಿಗದಿದ್ದರೆ ಬಿಸಿಬೇಳೆಬಾತ್ ತರುತ್ತೇನೆ. ಎರಡರಲ್ಲಿ ಯಾವುದಾದರೂ ನಿಮ್ಮ ಮಕ್ಕಳ ತಟ್ಟೆಗೆ ನಿಶ್ಚಿಂತೆಯಿಂದ ಬಡಿಸಬಹುದು.

ಸರ್ವರಿಗೂ ಕನ್ನಡ ರಾಜ್ಯೋತ್ಸವದ ಹಾರ್ದಿಕ ಶುಭಾಶಯಗಳು.

— ಆರೋಗ್ಯ ವಿಭಾಗದ ಸ್ವಯಂಸೇವಕ ವೈದ್ಯ, ಎಂ.ಬಿ.ಬಿ.ಎಸ್.

(ಇದು ಲೇಖಕನ ವೈಯಕ್ತಿಕ ಅಭಿಪ್ರಾಯ. ರಕ್ತಪರೀಕ್ಷೆ ಮತ್ತು ಚಿಕಿತ್ಸೆಯ ವಿಚಾರದಲ್ಲಿ ನಿಮ್ಮ ಕುಟುಂಬದ ವೈದ್ಯರನ್ನು ಸಂಪರ್ಕಿಸಿರಿ.)